ಹಿಬ್ರಿಯ ಜನಾಂಗದ ಮೂಲವೂ ನಮ್ಮ ಜೂಬಿಲಿಯೂ
(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಸಂಭ್ರಮವನ್ನು ನಾವೆಲ್ಲರೂ ‘ಜೂಬಿಲಿ’ ಎಂದು ಕರೆಯುತ್ತಿದ್ದೇವೆ. ಈ ಪದ ಲತೀನ್ ಭಾಷೆಯ ಮೂಲಕ ನಮ್ಮ ಬಳಿಗೆ ಬಂದಿದ್ದರೂ ಅದರ ತವರು ಹಿಬ್ರೂ ಭಾಷೆ. ‘ಯೋಬೇಲ್’ ಎಂದರೆ ಟಗರಿನ ಕೊಂಬು. ಏಳು ವರ್ಷಗಳ ಏಳು ಸುತ್ತು ಮುಗಿದು 50ನೆಯ ವರ್ಷ ಬಂದಾಗ ನಾಡಿನಲ್ಲೆಲ್ಲ ಕೊಂಬೂದಿಸಬೇಕೆಂದು ಯಾಜಕಕಾಂಡದ 25ನೆಯ ಅಧ್ಯಾಯ ವಿಧಿಸುತ್ತದೆ. ಆ ವರ್ಷ ಹೊಲಕ್ಕೆ ವಿಶ್ರಾಂತಿ. ಸಾಲಕ್ಕಾಗಿ ತನ್ನನ್ನೇ ಮಾರಿಕೊಂಡವನಿಗೆ ಬಿಡುಗಡೆ. ಬಡತನದಿಂದ ಕೈಬಿಟ್ಟುಹೋದ ಭೂಮಿ ಮರಳಿ ಮೂಲ ಕುಟುಂಬಕ್ಕೆ. ಆ ಲೆಕ್ಕದಲ್ಲಿ ನಮ್ಮದು ಎರಡನೆಯ ಜೂಬಿಲಿ. ಯಾರ ಮಾತನ್ನು ಎರವಲು ಪಡೆದು ನಾವು ಹಬ್ಬ ಆಚರಿಸುತ್ತಿದ್ದೇವೆಯೋ ಆ ಜನ ಯಾರು, ಎಲ್ಲಿಂದ ಬಂದರು, ಹೇಗೆ ಉಳಿದರು ಎಂಬುದನ್ನು ಅರಿಯುವುದು ಈ ಸಂದರ್ಭಕ್ಕೆ ಯುಕ್ತವೆಂದು ಭಾವಿಸಿ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಊರು ಗಣಿಯಿಂದ ಹುಟ್ಟಿದ ಊರು. 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಇಲ್ಲಿಗೆ ಬಂದಿತು. ಉತ್ತರ ಆರ್ಕಾಟಿನಿಂದ, ಚಿತ್ತೂರಿನ ಕಡೆಯಿಂದ, ಮಲೆಯಾಳ ನಾಡಿನಿಂದ, ನಮ್ಮ ಕೋಲಾರದ ಹಳ್ಳಿಗಳಿಂದ, ಇತ್ತ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಜನ ಬಂದು ಸೇರಿದರು. ಅಂದು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಲ್ಲಿ ರೈಲು ಇಳಿದು, ಗಂಟುಮೂಟೆ ಹೊತ್ತು ಬಂದವರ ಮಕ್ಕಳು, ಮೊಮ್ಮಕ್ಕಳು ನಾವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಸುಮಾರು 800 ಟನ್ ಬಂಗಾರ ಈ ನೆಲದಿಂದ ಹೊರಗೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಯಾವ ಕೆಲಸಕ್ಕಾಗಿ ನಮ್ಮ ಹಿರಿಯರು ಇಲ್ಲಿ ಒಂದುಗೂಡಿದರೋ ಆ ಕೆಲಸವೇ ಇಲ್ಲದಿರುವಾಗ ನಮ್ಮನ್ನು ಒಂದು ಸಮುದಾಯವಾಗಿ ಹಿಡಿದಿಡುವುದು ಯಾವುದು? ಇದೇ ಪ್ರಶ್ನೆ ಎರಡೂವರೆ ಸಾವಿರ ವರ್ಷಗಳ ಹಿಂದೆ ಹಿಬ್ರಿಯರ ಮುಂದೆ, ನಮ್ಮದಕ್ಕಿಂತ ಎಷ್ಟೋ ಭೀಕರವಾದ ರೂಪದಲ್ಲಿ, ಎದ್ದು ನಿಂತಿತ್ತು.

ವಲಸೆ ಬಂದವರ ವಂಶ

ಪ್ರಾಚೀನ ಜನಾಂಗಗಳು ತಮ್ಮ ಮೂಲವನ್ನು ಹೇಳಿಕೊಳ್ಳುವಾಗ ತಾವು ಆ ಮಣ್ಣಿನಿಂದಲೇ ಎದ್ದವರೆಂದೋ ದೇವತೆಗಳ ಕುಲದವರೆಂದೋ ಹೇಳಿಕೊಳ್ಳುವುದು ವಾಡಿಕೆ. ಹಿಬ್ರಿಯರು ಮಾತ್ರ ತಾವು ಹೊರಗಿನಿಂದ ಬಂದವರೆಂದು ಹೇಳಿಕೊಂಡರು. ‘ಹಿಬ್ರಿಯ’ ಎಂಬ ಹೆಸರೇ ‘ದಾಟು’ ಎಂಬರ್ಥದ ಧಾತುವಿನಿಂದ ಬಂದಿರಬೇಕೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಹೊಳೆಯಾಚೆಯಿಂದ ಬಂದವನು ಎಂದು ಅದರ ಭಾವ. ಅಬ್ರಹಾಮನು ಊರ್ ಪಟ್ಟಣದಿಂದ ಹೊರಟು, ಹಾರಾನಿನಲ್ಲಿ ತಂಗಿ, ಕಾನಾನ್ ನಾಡಿಗೆ ಬಂದನೆಂದು ಆದಿಕಾಂಡ ತಿಳಿಸುತ್ತದೆ. ಆ ಕಾಲದ ಯಾವ ಶಾಸನದಲ್ಲಿಯೂ ಅವನ ಹೆಸರು ದೊರೆತಿಲ್ಲ. ಕುರಿಮಂದೆಗಳೊಡನೆ ಅಲೆಯುವ ಕುಟುಂಬದ ಹೆಸರನ್ನು ಅರಸರ ಕಲ್ಲುಗಳಲ್ಲಿ ಕೆತ್ತಿಸುವವರು ಯಾರು? ಅವನ ನೆನಪನ್ನು ಉಳಿಸಿದ್ದು ಅವನ ಸಂತತಿಯ ನಾಲಿಗೆ.

ಇಡೀ ನಾಡು ಅಬ್ರಹಾಮನಿಗೆ ವಾಗ್ದಾನವಾಗಿದ್ದರೂ ಆತನು ಹಣ ಕೊಟ್ಟು ಪಡೆದ ಭೂಮಿ ಹೆಬ್ರೋನಿನ ಬಳಿಯ ಒಂದು ಹೊಲ ಮತ್ತು ಅದರಲ್ಲಿದ್ದ ಒಂದು ಗುಹೆ. ಪತ್ನಿ ಸಾರಳ ಸಮಾಧಿಗಾಗಿ ನಾನೂರು ಬೆಳ್ಳಿ ನಾಣ್ಯ ತೂಗಿ ಕೊಟ್ಟು ಅದನ್ನು ಕೊಂಡುಕೊಂಡನು. ಈ ಪ್ರಸಂಗದ ಅರ್ಥ ನಮ್ಮ ಊರಿನವರಿಗೆ ಬೇಗ ಹೊಳೆಯುತ್ತದೆ. ನಾಲ್ಕಾರು ವರ್ಷ ದುಡಿದು ಸ್ವಂತ ಊರಿಗೆ ಮರಳುವೆವೆಂದು ಬಂದ ಹಿರಿಯರು ಯಾವಾಗ ಇಲ್ಲಿಯವರಾದರು? ತಮ್ಮವರನ್ನು ಇಲ್ಲಿನ ಮಣ್ಣಿಗೆ ಒಪ್ಪಿಸಿದ ದಿನ. ನವೆಂಬರ್ 2ರಂದು ನಾವು ಮೇಣದಬತ್ತಿ ಹಚ್ಚುವ ಸಮಾಧಿಗಳಲ್ಲಿ ನಮ್ಮ ಊರಿನ ಹಕ್ಕುಪತ್ರವಿದೆ.

ಗಣಿಯಲ್ಲಿ ಹುಟ್ಟಿದ ಅಕ್ಷರ

ಇಲ್ಲಿ ನಮ್ಮ ಜನರಿಗೆ ಪ್ರಿಯವಾಗಬಹುದಾದ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ಮೋಶೆಯ ಕಥೆಯಲ್ಲಿ ಬರುವ ಸಿನಾಯ್ ಪ್ರದೇಶದಲ್ಲಿ ಸೆರಾಬಿತ್ ಅಲ್-ಖಾದಿಮ್ ಎಂಬ ಬೆಟ್ಟವಿದೆ. ಈಜಿಪ್ಟಿನ ಅರಸರು ಅಲ್ಲಿ ವೈಡೂರ್ಯವನ್ನು ಹೋಲುವ ಹಸಿರುನೀಲಿ ಕಲ್ಲಿಗಾಗಿ ಗಣಿ ತೋಡಿಸುತ್ತಿದ್ದರು. ಆ ಗಣಿಗಳಲ್ಲಿ ಹಿಬ್ರೂ ಭಾಷೆಗೆ ದಾಯಾದಿಯೆನಿಸುವ ಸೆಮಿಟಿಕ್ ಭಾಷೆಗಳನ್ನಾಡುವ ಕಾನಾನ್ ಕಡೆಯ ಜನರೂ ಇದ್ದರು. 1905ರಲ್ಲಿ ಫ್ಲಿಂಡರ್ಸ್ ಪೀಟ್ರಿ ಎಂಬ ಪುರಾತತ್ತ್ವಜ್ಞರು ಅಲ್ಲಿನ ಬಂಡೆಗಳಲ್ಲಿಯೂ ಸಣ್ಣ ವಿಗ್ರಹಗಳಲ್ಲಿಯೂ ಗೀಚಿದ್ದ ವಿಚಿತ್ರ ಬರಹಗಳನ್ನು ಕಂಡರು. ಅವು ಈಜಿಪ್ಟಿನ ಚಿತ್ರಲಿಪಿಯಂತೆ ತೋರಿದರೂ ಆ ಲಿಪಿಯ ನಿಯಮಕ್ಕೆ ಒಗ್ಗುತ್ತಿರಲಿಲ್ಲ. 1916ರಲ್ಲಿ ಅಲನ್ ಗಾರ್ಡಿನರ್ ಅವರು ಅದರ ಗುಟ್ಟನ್ನು ಬಿಡಿಸಿದರು. ಎತ್ತಿನ ತಲೆಯ ಚಿತ್ರ ‘ಆಲೆಫ್’, ಅಂದರೆ ಎತ್ತು ಎಂಬ ಪದದ ಮೊದಲ ಧ್ವನಿಗೆ ಗುರುತು; ಮನೆಯ ಚಿತ್ರ ‘ಬೇತ್’ ಎಂಬ ಪದದ ‘ಬ’ಕಾರಕ್ಕೆ ಗುರುತು; ನೀರಿನ ಅಲೆ ‘ಮ’ಕಾರಕ್ಕೆ.

ಈಜಿಪ್ಟಿನ ಲಿಪಿಯನ್ನು ಬರೆಯಲು ನೂರಾರು ಚಿಹ್ನೆಗಳನ್ನು ವರ್ಷಗಟ್ಟಲೆ ಕಲಿಯಬೇಕಿತ್ತು. ಈ ಹೊಸ ಬರಹಕ್ಕೆ ಮೂವತ್ತರೊಳಗಿನ ಚಿಹ್ನೆಗಳು ಸಾಕಾದವು. ಜಗತ್ತಿಗೆ ಇದುವರೆಗೆ ತಿಳಿದಿರುವ ಅತ್ಯಂತ ಹಳೆಯ ವರ್ಣಮಾಲೆಯ ಬರಹಗಳ ಪೈಕಿ, ಸುಮಾರು 3,500ರಿಂದ 3,800 ವರ್ಷಗಳಷ್ಟು ಪ್ರಾಚೀನವಾದ ಈ ಗಣಿಬರಹಗಳೂ ಸೇರಿವೆ. ಅದರ ವಂಶದಲ್ಲಿಯೇ ಹಿಬ್ರೂ, ಅರಮಾಯಿಕ್, ಗ್ರೀಕ್, ಲತೀನ್ ಲಿಪಿಗಳು ಹುಟ್ಟಿದವು. ಅಶೋಕನ ಬ್ರಾಹ್ಮಿಯ ಮೇಲೆ ಅರಮಾಯಿಕ್ ಲಿಪಿಯ ಪ್ರಭಾವವಿದೆಯೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಆ ಬ್ರಾಹ್ಮಿಯಿಂದ ನಮ್ಮ ಕನ್ನಡ, ತಮಿಳು, ತೆಲುಗು ಲಿಪಿಗಳು ಬೆಳೆದವು. ಪವಿತ್ರ ಗ್ರಂಥ ಬರೆಯಲ್ಪಡಲು ಬೇಕಾದ ಸಾಧನ ಪಂಡಿತರ ಮಂಟಪದಲ್ಲಿಯಷ್ಟೇ ರೂಪುಗೊಂಡದ್ದಲ್ಲ, ಗಣಿಯ ಧೂಳಿನಲ್ಲಿ ನಿಂತವರ ಕೈಯಲ್ಲಿಯೂ ಬೆಳೆಯಿತೆಂಬುದು ಗಣಿಗಾರರ ಮಕ್ಕಳಾದ ನಮಗೆ ಸಂತೋಷದ ವಿಷಯ.

ಬಿಡುಗಡೆಯ ನೆನಪು

ಹಿಬ್ರಿಯರು ಈಜಿಪ್ಟಿನಲ್ಲಿ ಇಟ್ಟಿಗೆ ಮಾಡುವ ಬಿಟ್ಟಿದುಡಿಮೆಗೆ ಸಿಲುಕಿದ್ದು, ಮೋಶೆಯ ಮುಂದಾಳುತನದಲ್ಲಿ ಹೊರಬಂದದ್ದು ನಮಗೆಲ್ಲ ಪಾಸ್ಕ ಜಾಗರಣೆಯ ವಾಚನಗಳಿಂದ ಪರಿಚಿತ. ವಿಮೋಚನಕಾಂಡ ಹೆಸರಿಸುವ ರಾಮ್ಸೇಸ್ ಪಟ್ಟಣವನ್ನು ಆಧರಿಸಿ ಈ ಘಟನೆಯನ್ನು ಕ್ರಿ.ಪೂ. 13ನೆಯ ಶತಮಾನಕ್ಕೆ ಸೇರಿಸುವವರು ಬಹಳ ಮಂದಿ. ಹೊರಟವರ ಸಂಖ್ಯೆ, ಹಿಡಿದ ದಾರಿ ಇವುಗಳ ಬಗ್ಗೆ ಚರ್ಚೆ ಮುಗಿದಿಲ್ಲ. ಚರ್ಚೆಗೆ ಸಿಲುಕದ ಮಾತೆಂದರೆ, ಈ ನೆನಪು ಅವರ ಕಾನೂನನ್ನೇ ರೂಪಿಸಿತು ಎಂಬುದು. ಪರದೇಶಿಯನ್ನು ಪೀಡಿಸಬಾರದು, ಕೂಲಿಯಾಳಿನ ಸಂಬಳವನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕು, ಏಳನೆಯ ದಿನ ಆಳಿಗೂ ಎತ್ತಿಗೂ ವಿಶ್ರಾಂತಿ ಇರಬೇಕು ಎಂಬ ವಿಧಿಗಳಿಗೆ ಅವರ ಗುಲಾಮಗಿರಿಯ ಸ್ಮರಣೆಯೇ ಆಧಾರ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಪ್ರಕಾರ ಮೊದಲ ಫಲವನ್ನು ಅರ್ಪಿಸುವ ರೈತನು ತನ್ನ ಪೂರ್ವಜನು ಅಲೆಮಾರಿಯಾಗಿದ್ದನೆಂದು, ತನ್ನವರು ದಾಸ್ಯದಲ್ಲಿದ್ದರೆಂದು ಬುಟ್ಟಿ ಹಿಡಿದೇ ಹೇಳಬೇಕಾಗಿತ್ತು. ಸುಗ್ಗಿಯ ದಿನವೂ ಬಡತನದ ದಿನವನ್ನು ಮರೆಯದಂತೆ ಮಾಡಿದ ವಿಧಿಯಿದು.

ಬೈಬಲಿನ ಹೊರಗೆ ‘ಇಸ್ರಯೇಲ್’ ಎಂಬ ಹೆಸರು ಮೊದಲು ಕಾಣಸಿಗುವುದು ಈಜಿಪ್ಟಿನ ಅರಸ ಮೆರ್ನೆಪ್ತಾ ಕ್ರಿ.ಪೂ. 1208ರ ಸುಮಾರಿಗೆ ನಿಲ್ಲಿಸಿದ ಶಿಲಾಶಾಸನದಲ್ಲಿ. 1896ರಲ್ಲಿ ಅದನ್ನು ಬೆಳಕಿಗೆ ತಂದವರೂ ಪೀಟ್ರಿಯವರೇ. ಆ ಜನಾಂಗವನ್ನು ತಾನು ಬೇರಿಲ್ಲದಂತೆ ಅಳಿಸಿಬಿಟ್ಟೆನೆಂಬ ಅರ್ಥದಲ್ಲಿ ಅರಸನು ಅಲ್ಲಿ ಕೊಚ್ಚಿಕೊಂಡಿದ್ದಾನೆ. ಅವರ ನಾಶವನ್ನು ಸಾರಿದ ಕಲ್ಲೇ ಇಂದು ಅವರ ಇರುವಿಕೆಗೆ ಅತಿ ಹಳೆಯ ಸಾಕ್ಷಿ!

ಅದೇ ಕಾಲದಿಂದ ಕಾನಾನಿನ ನಡುಬೆಟ್ಟಗಳಲ್ಲಿ ನೂರಾರು ಸಣ್ಣ ಹಳ್ಳಿಗಳು ತಲೆಯೆತ್ತಿದ್ದನ್ನು ಉತ್ಖನನಗಳು ತೋರಿಸಿವೆ. ಅರಮನೆಗಳಿಲ್ಲದ, ಹೆಚ್ಚಾಗಿ ಕೋಟೆಯೂ ಇಲ್ಲದ ಊರುಗಳು. ಇಳಿಜಾರಿನಲ್ಲಿ ಕಟ್ಟಿದ ಮೆಟ್ಟಿಲುಹೊಲಗಳು. ಮಳೆನೀರು ಹಿಡಿಯಲು ಬಂಡೆಯಲ್ಲಿ ಕೊರೆದ ತೊಟ್ಟಿಗಳು. ನದಿಯಿಲ್ಲದೆ ಕೆರೆಯನ್ನೂ ಮಳೆಯನ್ನೂ ನಂಬಿ ಬಾಳುವ ಕೋಲಾರದ ರೈತನಿಗೆ ಆ ಬದುಕು ಅಪರಿಚಿತವೆನಿಸದು. ಇವರಲ್ಲಿ ಕೆಲವರು ಮರುಭೂಮಿಯಿಂದ ಬಂದವರು, ಕೆಲವರು ಕಾನಾನಿನವರೇ ಆಗಿದ್ದರೆಂದು ಇಂದಿನ ಸಂಶೋಧಕರು ಎಣಿಸುತ್ತಾರೆ. ಬೇರೆ ಬೇರೆ ಮೂಲದವರು ಒಂದೇ ಬಿಡುಗಡೆಯ ಕಥೆಯನ್ನು ತಮ್ಮದೆಂದು ಒಪ್ಪಿಕೊಂಡು ಒಂದು ಜನವಾದರು.

ಅರಸರು, ಬಂಗಾರ ಮತ್ತು ಸುರಂಗ

ಕ್ರಿ.ಪೂ. 1000ದ ಸುಮಾರಿಗೆ ದಾವೀದನು ಜೆರುಸಲೇಮನ್ನು ರಾಜಧಾನಿ ಮಾಡಿಕೊಂಡನು. 1993ರಲ್ಲಿ ತೆಲ್ ದಾನ್ ಎಂಬಲ್ಲಿ ದೊರೆತ ಕ್ರಿ.ಪೂ. 9ನೆಯ ಶತಮಾನದ ಶಾಸನದಲ್ಲಿ ‘ದಾವೀದನ ಮನೆತನ’ದ ಉಲ್ಲೇಖವಿದೆ. ಅವನ ಮಗ ಸೊಲೊಮೋನನು ದೇವಾಲಯ ಕಟ್ಟಿಸಿದನು. ಅವನ ಹಡಗುಗಳು ಓಫೀರಿನಿಂದ ಬಂಗಾರ ತಂದವೆಂದು ಅರಸರ ಗ್ರಂಥ ಹೇಳುತ್ತದೆ. ಓಫೀರ್ ಭಾರತದಲ್ಲಿತ್ತೆಂದು ವಾದಿಸಿದವರೂ ಉಂಟು, ಅರೇಬಿಯ, ಆಫ್ರಿಕ ಎಂದವರೂ ಉಂಟು. ಆ ಹಡಗುಗಳು ತಂದ ನವಿಲಿಗೆ ಹಿಬ್ರೂವಿನಲ್ಲಿರುವ ‘ತುಕ್ಕಿ’ ಎಂಬ ಪದ ತಮಿಳಿನ ‘ತೋಕೈ’ಯಿಂದ ಬಂದಿತೆಂದು ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ ಅವರು ತೋರಿಸಿದರು, ಕನ್ನಡದ ‘ಸೋಗೆ’ಯೂ ಅದೇ ಅರ್ಥದ ಮಾತು. ಕೋಲಾರದ ಬಂಗಾರ ಸೊಲೊಮೋನನ ದೇವಾಲಯಕ್ಕೆ ಹೋಯಿತೆನ್ನಲು ಮಾತ್ರ ಯಾವ ಆಧಾರವೂ ಇಲ್ಲ. ಆ ಹೆಮ್ಮೆಗಾಗಿ ನಾವು ಸತ್ಯವನ್ನು ತ್ಯಜಿಸಬೇಕಾಗಿಲ್ಲ.

ಬಂಗಾರದ ಆ ವೈಭವ ಹೆಚ್ಚು ಕಾಲ ಬಾಳಲಿಲ್ಲ. ಬಿಟ್ಟಿದುಡಿಮೆಯ ಭಾರ ತಾಳಲಾರದೆ ಉತ್ತರದ ಕುಲಗಳು ಸಿಡಿದು ರಾಜ್ಯ ಎರಡಾಯಿತು. ಬಡವರನ್ನು ಒಂದು ಜೊತೆ ಕೆರಕ್ಕಾಗಿ ಮಾರುವವರನ್ನು ಕುರಿಗಾಹಿ ಆಮೋಸನು ಖಂಡಿಸಿದನು. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯದವರು ಸಮಾರಿಯವನ್ನು ಗೆದ್ದು ಉತ್ತರದ ರಾಜ್ಯವನ್ನು ಅಳಿಸಿದರು.

ದಕ್ಷಿಣದ ಯೆಹೂದದಲ್ಲಿ ಅರಸ ಹಿಜ್ಕೀಯನು ಅದೇ ಶತ್ರುವಿನ ಭಯದಿಂದ ಊರಹೊರಗಿನ ಚಿಲುಮೆಯ ನೀರನ್ನು ಕೋಟೆಯೊಳಕ್ಕೆ ತರಲು ಬಂಡೆಯಲ್ಲಿ ಸುರಂಗ ತೋಡಿಸಿದನು. ಅದರ ಉದ್ದ ಸುಮಾರು 533 ಮೀಟರ್. ಎರಡು ತಂಡಗಳು ಎರಡು ತುದಿಗಳಿಂದ ಕೊರೆಯುತ್ತ ಬಂದವು. ಈ ಕೆಲಸವನ್ನು ದಾಖಲಿಸಿದ ಹಿಬ್ರೂ ಶಾಸನವೊಂದು 1880ರಲ್ಲಿ, ಅಂದರೆ ನಮ್ಮ ಗಣಿಗೆ ಟೇಲರ್ ಸಂಸ್ಥೆ ಬಂದ ವರ್ಷವೇ, ಆ ಸುರಂಗದೊಳಗೆ ಸಿಕ್ಕಿತು. ಅದರಲ್ಲಿ ಅರಸನ ಹೆಸರಿಲ್ಲ, ಸ್ತುತಿಯಿಲ್ಲ. ಇನ್ನು ಮೂರು ಮೊಳ ಉಳಿದಿರುವಾಗ ಬಂಡೆಯ ಆಚೆಯಿಂದ ಒಬ್ಬರು ಮತ್ತೊಬ್ಬರನ್ನು ಕೂಗುವ ದನಿ ಕೇಳಿಸಿತೆಂದೂ, ಕಡೆಗೆ ಗುದ್ದಲಿಗೆ ಗುದ್ದಲಿ ಎದುರಾಗಿ ನೀರು ಹರಿಯಿತೆಂದೂ ಮಾತ್ರ ಇದೆ. ಎರಡು ಶಾಫ್ಟ್‌ಗಳ ನಡುವೆ ದಾರಿ ಕೊರೆದು ಬಂಡೆಯಾಚೆಯ ಸದ್ದಿಗೆ ಕಿವಿಗೊಟ್ಟ ಹಿರಿಯರನ್ನು ಬಲ್ಲ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಯೋಬನ ಗ್ರಂಥದ 28ನೆಯ ಅಧ್ಯಾಯವನ್ನೂ ಇಲ್ಲಿ ನೆನೆಯಬೇಕು. ಕತ್ತಲೆಗೆ ಕೊನೆ ಹಾಕಿ, ಜನರ ನಡೆದಾಟದಿಂದ ದೂರ, ಹಗ್ಗದಲ್ಲಿ ತೂಗಾಡುತ್ತ ಅದಿರನ್ನು ಅರಸುವ ಗಣಿಗಾರನ ಚಿತ್ರ ಅಲ್ಲಿದೆ. ಬೆಳ್ಳಿಬಂಗಾರಗಳಿಗೆ ಗಣಿಯುಂಟು, ಜ್ಞಾನಕ್ಕೆ ಗಣಿ ಎಲ್ಲಿ ಎಂಬುದು ಆ ಅಧ್ಯಾಯದ ಪ್ರಶ್ನೆ. ಶತಮಾನೋತ್ಸವದ ವರ್ಷದಲ್ಲಿ ಪ್ರತಿ ಮನೆಯಲ್ಲಿಯೂ ಅದನ್ನು ಒಮ್ಮೆ ಓದಬೇಕೆಂದು ಕೋರುತ್ತೇವೆ.

ಎಲ್ಲವೂ ಹೋದ ಮೇಲೆ

ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನ ನೆಬೂಕದ್ನೆಚ್ಚರನು ಜೆರುಸಲೇಮನ್ನು ಸುಟ್ಟನು. ದೇವಾಲಯ ಬೂದಿಯಾಯಿತು, ಅರಸೊತ್ತಿಗೆ ಮುರಿಯಿತು, ಜನರಲ್ಲಿ ಅನೇಕರು ಸೆರೆಯಾಗಿ ದೂರದೇಶಕ್ಕೆ ಹೋದರು. ಆ ಕಾಲದ ರೂಢಿಯಂತೆ ಸೋತ ಜನರ ದೇವರೂ ಸೋತ ದೇವರು. ಅಂತಹ ಜನ ಗೆದ್ದವರಲ್ಲಿ ಕರಗಿಹೋಗುವುದೇ ಸಾಮಾನ್ಯ.

ಹಿಬ್ರಿಯರು ಕರಗಲಿಲ್ಲ. ಹಾಗೆಂದು ಅವರು ಅಳುತ್ತಲೇ ಕೂರಲೂ ಇಲ್ಲ. ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನೀವು ಸೇರಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬ ಸಲಹೆಯನ್ನು ಪ್ರವಾದಿ ಯೆರೆಮೀಯನು ಪತ್ರದಲ್ಲಿ ಬರೆದು ಕಳುಹಿಸಿದನು. ಬಾಬಿಲೋನಿನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಸೆರೆಯಾದ ಅರಸ ಯೆಹೋಯಾಕೀನನಿಗೂ ಅವನ ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಪಡಿತರದ ಲೆಕ್ಕವಿದೆ. ಇತ್ತೀಚಿನ ವರ್ಷಗಳಲ್ಲಿ ಪ್ರಕಟವಾದ ಬೇರೆ ಹಲಗೆಗಳಲ್ಲಿ ‘ಯೆಹೂದದ ಊರು’ ಎಂದೇ ಹೆಸರಾದ ಹಳ್ಳಿಯೊಂದು ಕಾಣಸಿಗುತ್ತದೆ. ಅಲ್ಲಿ ಹಿಬ್ರೂ ಹೆಸರಿನ ಜನ ಖರ್ಜೂರ, ಜವೆ ಬೆಳೆದು, ತೆರಿಗೆ ಕಟ್ಟಿ, ಸಾಲಕೊಟ್ಟು, ಸಾಲಪಡೆದು ಬಾಳಿದ ವಿವರಗಳಿವೆ.

ಅವರನ್ನು ಉಳಿಸಿದ ಸಾಧನಗಳು ಮುಖ್ಯವಾಗಿ ಮೂರು. ಮೊದಲನೆಯದು ಸಬ್ಬತ್ ದಿನ. ಅದಕ್ಕೆ ಕಟ್ಟಡ ಬೇಡ, ಅರಸ ಬೇಡ. ವಾರಕ್ಕೊಮ್ಮೆ ಅದು ತಾನಾಗಿ ಮನೆಬಾಗಿಲಿಗೆ ಬರುತ್ತದೆ. ಎರಡನೆಯದು ಒಟ್ಟುಸೇರುವಿಕೆ. ಬಲಿಪೀಠವಿಲ್ಲದೆ ಪ್ರಾರ್ಥನೆಗಾಗಿ ಕೂಡುವ ಅಭ್ಯಾಸ ಅಲ್ಲಿ ಬೇರೂರಿ, ಮುಂದೆ ಸಿನಗಾಗ್ ಎಂಬ ಪ್ರಾರ್ಥನಾಮಂದಿರಗಳಿಗೆ ದಾರಿಮಾಡಿತೆಂದು ಅನೇಕರು ಊಹಿಸುತ್ತಾರೆ. ಮೂರನೆಯದು ಗ್ರಂಥ. ಚದುರಿದ್ದ ಕಥೆ, ಕಾನೂನು, ಕೀರ್ತನೆ, ಪ್ರವಾದನೆಗಳನ್ನು ಆಯ್ದು, ಬರೆದು, ಜೋಡಿಸುವ ಕೆಲಸ ಭರದಿಂದ ನಡೆಯಿತು. ತಮ್ಮ ದೇವರು ಒಂದು ಗುಡ್ಡಕ್ಕೋ ಒಂದು ನಾಡಿಗೋ ಸೀಮಿತನಲ್ಲ, ಬಾಬಿಲೋನಿಗೂ ಒಡೆಯನೆಂಬ ಅರಿವು ಆ ದಿನಗಳಲ್ಲಿ ಅತ್ಯಂತ ಸ್ಪಷ್ಟವಾಯಿತು. ಯೆಹೂದದಿಂದ ಬಂದವರಾದ್ದರಿಂದ ಅವರು ‘ಯೆಹೂದ್ಯ’ರೆನಿಸಿದರು, ಇಂದು ನಾವು ಯೆಹೂದ್ಯ ಧರ್ಮವೆನ್ನುವುದರ ಅಡಿಪಾಯ ಬಿದ್ದದ್ದು ಹೀಗೆ, ದೇವಾಲಯ ಇಲ್ಲದ ಆ ದಶಕಗಳಲ್ಲಿ.

ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸನು ಬಾಬಿಲೋನನ್ನು ಗೆದ್ದು ಮರಳುವವರಿಗೆ ಅವಕಾಶವಿತ್ತನು. 515ರ ಸುಮಾರಿಗೆ ಎರಡನೆಯ ದೇವಾಲಯ ಪೂರ್ಣವಾಯಿತು. ಎಲ್ಲರೂ ಮರಳಲಿಲ್ಲ, ಅಲ್ಲಿಯೇ ಉಳಿದವರೂ ಯೆಹೂದ್ಯರಾಗಿಯೇ ಉಳಿದರು. ಮುಂದೆ ಶಾಸ್ತ್ರಿಯಾದ ಎಜ್ರನು ನೀರುಬಾಗಿಲಿನ ಚೌಕದಲ್ಲಿ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದನು, ಲೇವಿಯರು ಜನರಿಗೆ ತಿಳಿಯುವಂತೆ ಅರ್ಥ ಹೇಳಿದರು, ಕೇಳಿದವರು ಅತ್ತರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ದಿವ್ಯ ಬಲಿಪೂಜೆಯ ವಾಚನಗಳನ್ನು ಮೊದಲ ಬಾರಿಗೆ ತಮ್ಮ ಮಾತಿನಲ್ಲಿ ಕೇಳಿದವರು ಆ ಕಣ್ಣೀರಿನ ಅರ್ಥವನ್ನು ಬಲ್ಲರು.

ನಮ್ಮ ನಾಡಿಗೆ ಬಂದ ಯೆಹೂದ್ಯರು

ಈ ಜನರ ಹೆಜ್ಜೆಗುರುತು ನಮ್ಮ ರಾಜ್ಯದಲ್ಲಿಯೂ ಇದೆ. 12ನೆಯ ಶತಮಾನದಲ್ಲಿ ಟ್ಯುನೀಷಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಸುಮಾರು 1132ರಿಂದ 1149ರವರೆಗೆ ಮಂಗಳೂರು ಕರಾವಳಿಯಲ್ಲಿ ನೆಲೆಸಿದ್ದನು. ಅಲ್ಲಿ ಅವನು ಕಂಚು, ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸಿ ಏಡನ್ನಿನ ಗೆಳೆಯರಿಗೆ ಸರಕು ಕಳುಹಿಸುತ್ತಿದ್ದನು. ಬೊಮ್ಮ ಎಂಬ ಸ್ಥಳೀಯನು ಅವನ ವ್ಯಾಪಾರದ ನಂಬಿಕಸ್ತ ಆಳಾಗಿದ್ದನು. ದೇವರ ಹೆಸರಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂಬ ಯೆಹೂದ್ಯರ ಪದ್ಧತಿಯಿಂದಾಗಿ ಅವನ ಪತ್ರಗಳು ಕೈರೋದ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದು 19ನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರ ಕೈಸೇರಿದವು. ಮಂಗಳೂರಿನ ಒಬ್ಬ ಆಳಿನ ಹೆಸರು ಎಂಟು ಶತಮಾನ ದಾಟಿ ನಮಗೆ ತಲಪಿದ್ದು ಕಾಗದದ ಮೇಲಿನ ಆ ಗೌರವದಿಂದ.

ನಮ್ಮ ಕರ್ತರಾದ ಯೇಸು, ಮಾತೆ ಮರಿಯಮ್ಮನವರು, ಪ್ರೇಷಿತರು ಎಲ್ಲರೂ ಈ ಜನರೇ ಎಂಬುದನ್ನು ಕ್ರೈಸ್ತರು ಅನೇಕ ಶತಮಾನಗಳ ಕಾಲ ಮರೆತು ನಡೆದುಕೊಂಡದ್ದು ದುಃಖದ ಸಂಗತಿ. 1965ರ ಅಕ್ಟೋಬರ್ 28ರಂದು ಮಹಾಸಭೆಯು ಹೊರಡಿಸಿದ ‘ನೋಸ್ತ್ರಾ ಎತಾತೆ’ ಎಂಬ ಘೋಷಣೆ ಯೆಹೂದ್ಯರ ಮೇಲಣ ದ್ವೇಷವನ್ನು ಖಂಡಿಸಿ, ಕ್ರಿಸ್ತರ ಮರಣದ ಹೊಣೆಯನ್ನು ಆ ಜನಾಂಗದ ಮೇಲೆ ಹೊರಿಸಬಾರದೆಂದು ತಿಳಿಸಿತು. ಪವಿತ್ರ ವಾರದಲ್ಲಿ ಮಕ್ಕಳಿಗೆ ಕ್ರಿಸ್ತರ ಯಾತನೆಯ ಕಥೆ ಹೇಳುವಾಗ ಈ ಬೋಧನೆ ನಮ್ಮ ನೆನಪಿನಲ್ಲಿರಲಿ.

ನಾವು ಮಾಡಬೇಕಾದುದು

ಪ್ರಿಯ ಬಾಂಧವರೇ, ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಗಣಿ ಮುಚ್ಚಿದ್ದು ಜೆರುಸಲೇಮ್ ಸುಟ್ಟಂತಲ್ಲ. ನಮ್ಮ ದೇವಾಲಯ ನಿಂತಿದೆ, ಗಂಟೆ ಮೊಳಗುತ್ತಿದೆ. ಆದರೂ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಮುಂಜಾನೆಯ ರೈಲಿನಲ್ಲಿ ನಮ್ಮ ಮಕ್ಕಳು ನಿಂತೇ ಪ್ರಯಾಣ ಮಾಡುತ್ತಾರೆ. ಅನೇಕರು ಊರು ಬಿಟ್ಟು ದೂರದ ನಗರಗಳನ್ನು ಸೇರಿದ್ದಾರೆ. ಅವರ ಮಕ್ಕಳಿಗೆ ಈ ಊರು ಸೈನೈಡ್ ದಿಬ್ಬಗಳ ಚಿತ್ರವಷ್ಟೇ ಆಗಿ ಉಳಿಯುವ ಅಪಾಯವಿದೆ. ಆದುದರಿಂದ ಮೂರು ಕಾರ್ಯಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು: ಹಿರಿಯರ ನೆನಪುಗಳನ್ನು ಈ ವರ್ಷವೇ ಬರೆದಿಡೋಣ. ಯಾವ ಹಳ್ಳಿಯಿಂದ ಬಂದರು, ಯಾವ ಶಾಫ್ಟಿನಲ್ಲಿ ದುಡಿದರು, ಬಂಡೆ ಸಿಡಿದು ಯಾರು ಮಡಿದರು, ಕಲ್ಲಿನ ಧೂಳು ಕುಡಿದ ಶ್ವಾಸಕೋಶದಿಂದ ಯಾರು ನರಳಿದರು ಎಂಬುದನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಜ್ಞಾನಸ್ನಾನ, ವಿವಾಹ, ಮರಣಗಳ ಹಳೆಯ ದಾಖಲೆ ಪುಸ್ತಕಗಳನ್ನು ಜತನದಿಂದ ಕಾಪಾಡೋಣ. ಎರಡು: ಭಾನುವಾರವನ್ನು ಬಿಡದಿರೋಣ. ಎಲ್ಲಿದ್ದರೂ ಆ ದಿನ ಬಲಿಪೂಜೆಗೆ ಸೇರುವ ನಮ್ಮ ಮಕ್ಕಳು ನಮ್ಮಿಂದ ದೂರವಾದವರಲ್ಲ. ಮೂರು: ಜೂಬಿಲಿಯ ಮೂಲಾರ್ಥವನ್ನು ಪಾಲಿಸೋಣ. ದೀಪಾಲಂಕಾರಕ್ಕೆ ಮೀಸಲಿಟ್ಟುದರಲ್ಲಿ ಒಂದು ಪಾಲು ಸಾಲದಲ್ಲಿ ಸಿಲುಕಿದ ಒಂದು ಮನೆಗೆ ಸಲ್ಲಲಿ. ತಲೆಮಾರುಗಳಿಂದ ಲೈನ್ ಮನೆಗಳಲ್ಲಿ ಬಾಳಿದವರ ನೆಲೆಯ ಪ್ರಶ್ನೆ ಬಂದಾಗ ಧರ್ಮಕೇಂದ್ರ ಅವರ ಜೊತೆ ನಿಲ್ಲಲಿ.

ಕೊನೆಯದಾಗಿ ಒಂದು ಮಾತು. 1979ರಲ್ಲಿ ಜೆರುಸಲೇಮಿನ ಹಳೆಯ ಸಮಾಧಿಯೊಂದರಲ್ಲಿ ಬೆರಳಿಗಿಂತ ಚಿಕ್ಕದಾದ ಎರಡು ಬೆಳ್ಳಿಯ ಸುರುಳಿಗಳು ದೊರೆತವು. ಬಲು ಎಚ್ಚರಿಕೆಯಿಂದ ಬಿಚ್ಚಿ ನೋಡಿದಾಗ ಆರೋನನ ವಂಶದ ಯಾಜಕರು ಜನರನ್ನು ಆಶೀರ್ವದಿಸುತ್ತಿದ್ದ ನುಡಿಗಳು ಅದರಲ್ಲಿದ್ದವು. ಸುಮಾರು 2,600 ವರ್ಷಗಳಷ್ಟು ಹಳೆಯದಾದ ಅವು ಪವಿತ್ರ ಗ್ರಂಥದ ವಾಕ್ಯಗಳುಳ್ಳ ಅತಿ ಪ್ರಾಚೀನ ಬರಹಗಳು. ಪ್ರತಿ ವರ್ಷ ಜನವರಿ 1ರ ಬಲಿಪೂಜೆಯ ಮೊದಲ ವಾಚನದಲ್ಲಿ ನಾವು ಕೇಳುವುದು ಅದೇ ಆಶೀರ್ವಾದ. ನಮ್ಮ ಹಿರಿಯರು ಆಳದಿಂದ ಎತ್ತಿ ಕೊಟ್ಟ ಬಂಗಾರ ಯಾರ ಯಾರ ಪೆಟ್ಟಿಗೆಯಲ್ಲಿದೆಯೋ ನಾವರಿಯೆವು. ಅವರು ನಮ್ಮ ಕೈಗಿತ್ತ ವಿಶ್ವಾಸವನ್ನು ಮಕ್ಕಳ ಕೈಗೆ ದಾಟಿಸುವ ಹೊಣೆ ನಮ್ಮದು. ಕರ್ತರು ನಿಮ್ಮ ಮನೆಗಳನ್ನೂ ನಮ್ಮ ಊರನ್ನೂ ಹರಸಲಿ.